ದೋಣಿ ಮಗ್ಗುಲಾದ ದಿನ

ಗಲ್ ಕೋವ್, ನೋವಾ ಸ್ಕೋಷಿಯಾ
ಮೇ ೧೨, ೧೯೫೭

ಪ್ರೀತಿಯ ಮಗಳು ವರ್ನಾಗೆ,

ಬಾಸ್ಟನ್ನಿನ ಹವೆ ಮೈಗೆ ಹಿಡಿಸಿತೇ? ಕೆಮ್ಮು ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂಬುದೇ ನಿನ್ನಮ್ಮನ ಚಿಂತೆ. ನಾವು ಚೆನ್ನಾಗಿದ್ದೇವೆ. ಹೆಚ್ಚುಕಡಿಮೆ ವರ್ಷಕ್ಕೆ ಬಂದ ನಿನ್ನ ಕಾಗದವನ್ನು ಅವಳು ಏಪ್ರನ್ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿ, ಈಗ ಅದಕ್ಕೆ ಕಾಕಂಬಿಯ ವಾಸನೆ.

ಲಾರಿಯೊಂದು ಹಿಡಿತ ತಪ್ಪಿ ಬೀದಿಯಲ್ಲಿ ಅಡ್ಡಾದಿಡ್ಡಿ ನುಗ್ಗಿದ್ದಕ್ಕೆ ಅಲ್ಲಿನ ಪತ್ರಿಕೆ 'ಕರೀನ್' ಎಂದು ಬರೆದಿದೆ, ಅದು ನಮ್ಮ ದೋಣಿಯ ಮಾತಲ್ಲವೇ ಎಂದು ಕೇಳಿದ್ದೀಯ. ನಮ್ಮದೇ. ಪಾದ್ರಿಗಳನ್ನು ವಿಚಾರಿಸಿದೆ. ಲ್ಯಾಟಿನ್ನಿನಲ್ಲಿ ಕರೀನಾ ಎಂದರೆ ದೋಣಿಯ ತಳದ ಬೆನ್ನೆಲುಬಂತೆ. ಅದು ಕಾಣುವ ಹಾಗೆ ದೋಣಿಯನ್ನು ಮಗ್ಗುಲಿಗೆ ಮಲಗಿಸುವುದು ಕರೀನ್. ಆಮೇಲೆ ಗಾಳಿಗೆ ವಾಲಿದ ಹಡಗಿಗೂ ಅದೇ ಮಾತಾಯಿತು, ನೆಲದವರ ಬಾಯಿಗೆ ಬಿದ್ದು ಓಡುವ ಗಾಡಿಗೂ ಅಂಟಿಕೊಂಡಿತು. "ಪದಗಳಿಗೂ ಲಂಗರು ಬೇಕು ಕಣಯ್ಯಾ, ಇಲ್ದಿದ್ರೆ ಹೀಗೇ ತೇಲಿ ಹೋಗ್ತವೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಕಾಗದದ ಕೊನೆಗೆ ನೀನು "ಆ ಪದ ನನಗೇ ಸರಿಯಪ್ಪಾ, ಕೈಲಿದ್ದ ಹಗ್ಗ ಹಿಡಿಯೋಕಾಗದೋಳು ನಾನು" ಎಂದು ಬರೆದಿದ್ದೀಯಲ್ಲ.

ತಳಕ್ಕಂಟಿದ ಚಿಪ್ಪು ಕೆರೆದು ಬಣ್ಣ ಬಳಿಯಲು ನಿನ್ನೆ ದೋಣಿ ಮಲಗಿಸಿದೆವು. ಇಳಿತದ ಹೊತ್ತಿಗೆ ಕಡಲು ಎಂದಿನಂತೆ ಸದ್ದಿಲ್ಲದೆ ಎದ್ದು ಮೈಲಿ ದೂರ ಹೋಯಿತು. ಮಂಜಿನಲ್ಲಿ ದಡ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು, ತಿಳಿಯುತ್ತಿರಲಿಲ್ಲ. ಹಾಯಿಪಟದ ಕಂಬದ ತುದಿಯಿಂದ ಬಂದ ಹಗ್ಗವನ್ನು ದಡದ ಸ್ಪ್ರೂಸ್ ಮರಕ್ಕೆ ಸುತ್ತಿ ನಿನ್ನಮ್ಮ ಹಿಡಿದಿದ್ದಳು. ನೀರು ಇಳಿದಷ್ಟೂ ಗೇಣು ಗೇಣಾಗಿ ಎಳೆದುಕೊಂಡಳು. ಮೇದು ಬಂದ ಹಸುವಿನಂತೆ ದೋಣಿ ದಡದ ಕಡೆ ಒರಗಿ ಮಲಗಿತು. ಹೋದ ವರ್ಷ ಆ ಮರದ ಬಳಿ ನೀನಿದ್ದೆ. ದೋಣಿ ಕಡಲ ಕಡೆಗೆ ಬಿತ್ತು, ಹಗ್ಗ ನಿನ್ನ ಅಂಗೈ ಸುಲಿದುಕೊಂಡು ಹೋಯಿತು, ಆ ಬದಿಯಲ್ಲಿ ಚಿಪ್ಪು ಕೆರೆಯುತ್ತಿದ್ದ ನಿನ್ನ ತಮ್ಮ ಎಲ್ವುಡ್‌ನ ಕಾಲು ಮುರಿಯಿತು. "ಹುಡುಗಿ ಹಗ್ಗ ಬಿಟ್ಳು" ಎಂದಿತು ಊರು. ನೀನೂ ನಂಬಿದೆ, ತಿಂಗಳೊಳಗೆ ಬಸ್ಸು ಹತ್ತಿದೆ. ಎಲ್ವುಡ್‌ಗೆ ನಿನ್ನ ಮೇಲೆ ಸಿಟ್ಟಿಲ್ಲ. "ಅಕ್ಕ ಬರ್ಲಿ, ಈ ಕುಂಟುಕಾಲಲ್ಲೇ ಅವಳ ಜೊತೆ ಕುಣೀತೀನಿ" ಎನ್ನುತ್ತಾನೆ.

ಬಣ್ಣ ಬಳಿದಾದ ಮೇಲೆ ದೋಣಿಯ ಹೊಟ್ಟೆಗೆ ಬೆನ್ನು ಕೊಟ್ಟು ಕೂತವನಿಗೆ ಕಣ್ಣು ಹತ್ತಿತು. ಕನಸಿನಲ್ಲಿ ನಿನಗೆ ಐದು ವರ್ಷ. ಕಡಲ ತಳದ ಕೆಸರಿನಲ್ಲಿ ಬರಿಗಾಲಲ್ಲಿ ನಡೆಯುತ್ತಾ "ಅಪ್ಪಾ, ಕಡ್ಲು ಎಲ್ಲಿಗೋಯ್ತು?" ಎಂದು ಕೇಳುತ್ತಿದ್ದೆ. ಎಷ್ಟು ಕೂಗಿದರೂ ನೀನು ತಿರುಗಲಿಲ್ಲ. ಎಚ್ಚರವಾದಾಗ ನೀರು ನನ್ನ ಬೂಟು ಮುಟ್ಟುತ್ತಿತ್ತು, ದೋಣಿ ಮೆಲ್ಲಗೆ ಏಳುತ್ತಿತ್ತು.

ಅಮ್ಮ, ಎಲ್ವುಡ್ ನಿನ್ನನ್ನು ಬಹಳ ನೆನೆಯುತ್ತಾರೆ. ನಿನ್ನ ಮೇಲೆ ದೇವರ ಕಣ್ಣಿರಲಿ, ಮಗಳೇ.

ನಿನ್ನ ಅಪ್ಪ,
ಈನಸ್ ಸ್ಪೈಸರ್

ತಾ.ಕ.: ಇಷ್ಟು ಬರೆದಿಟ್ಟು ಊಟಕ್ಕೆ ಹೋಗಿದ್ದೆ. ಇದುವರೆಗೆ ಮುಚ್ಚಿಟ್ಟದ್ದನ್ನು ಅಲ್ಲಿ ನಿನ್ನಮ್ಮ, ಎಲ್ವುಡ್ ಇಬ್ಬರೆದುರೂ ಬಾಯಿಬಿಟ್ಟೆ. ದೋಣಿಯ ತಳದಲ್ಲಿ ಭಾರಕ್ಕೆಂದು ತುಂಬಿದ ಕಲ್ಲುಗಳನ್ನು, ನೀರು ಇಳಿಯುವ ಮೊದಲೇ ಅದು ಮಲಗಬೇಕಾದ ಬದಿಗೆ ಸರಿಸಬೇಕು. ಅದು ನನ್ನ ಕೆಲಸ. ಹೋದ ವರ್ಷ ಚಹಾ ಕುಡಿದು ಬಂದು ಸರಿಸೋಣವೆಂದು ಹೋದವನು ಮರೆತೆ. ಕಲ್ಲುಗಳೆಲ್ಲ ಕಡಲ ಬದಿಯಲ್ಲೇ ಉಳಿದಿದ್ದವು. ಹತ್ತು ಗಂಡಸರು ಹಿಡಿದಿದ್ದರೂ ಆ ಹಗ್ಗ ನಿಲ್ಲುತ್ತಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು, ವರ್ನಾ. ಊರು ನಿನ್ನ ಹೆಸರು ಹೇಳುವಾಗ ತಲೆ ತಗ್ಗಿಸಿ ಸುಮ್ಮನಿದ್ದೆ. ನಿನ್ನಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದವಳು ಇನ್ನೂ ಹೊರಗೆ ಬಂದಿಲ್ಲ. ಎಲ್ವುಡ್ ಮಾತ್ರ "ಮೊದ್ಲು ಅಕ್ಕಂಗೆ ಬರಿ, ಅಂಚೆ ಹೋಗೋಕೆ ಮುಂಚೆ" ಎಂದು ಕೋಲೂರಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಾನೆ.