ದೊಡ್ಡಮನೆಯ ಮುಯ್ಯಿ

ಊರಿನಿಂದ,
೧೨–೮–೧೯೪೩, ಗುರುವಾರ

ಗೆಳೆಯ ಪುಟ್ಟಸ್ವಾಮಿಗೆ,

ಮೈಸೂರಿನ ಹಾಸ್ಟೆಲಿನಲ್ಲಿ ನೀನು ಕ್ಷೇಮವೆಂದು ಬಲ್ಲೆ. ಅದನ್ನು ಕೇಳಲು ಬರೆಯುತ್ತಿಲ್ಲ. ರಜೆಯಲ್ಲಿ ನೀನು ಕೊಟ್ಟುಹೋದ ಕಿರುಪುಸ್ತಕಗಳನ್ನು ಎರಡೆರಡು ಸಲ ಓದಿದೆ. ದುಡಿಮೆ ಎಲ್ಲರದಾಗಬೇಕು ಎಂಬಲ್ಲಿ ನೀನೇ ಗೆರೆ ಎಳೆದಿದ್ದೆ. ನಿಮ್ಮ ಮನೆಯಲ್ಲಿ ಅದನ್ನು ಯಾರಿಗಾದರೂ ಓದಿ ಹೇಳಿದ್ದೀಯಾ?

ನಾಟಿಗೆ ನಮ್ಮೂರಲ್ಲಿ ಮುಯ್ಯಿ ನಡೆಯುತ್ತದೆ. ಈ ಹೊತ್ತು ಅವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ, ಕೂಲಿಯ ಮಾತಿಲ್ಲ. ಒಂದೆಕರೆಯ ನಾವು ಬದುಕಿರುವುದೇ ಅದರಿಂದ. ನಿಮ್ಮ ಹದಿನೈದು ಎಕರೆಯಲ್ಲಿ ನಮ್ಮವ್ವ ಒಂಬತ್ತು ದಿನ ಸೊಂಟ ಬಗ್ಗಿಸಿದಳು. ಅದಕ್ಕೂ ಮುಯ್ಯಿ ಎಂದೇ ಹೆಸರು. ನಿಮ್ಮ ಮನೆಯವರು ಯಾವ ವರ್ಷ ಯಾರ ಗದ್ದೆಗೆ ಇಳಿದಿದ್ದಾರೆ ಹೇಳು.

ಸೋಮವಾರ ನಿಮ್ಮ ಜಗಲಿಗೆ ಹೋಗಿ ನಿನ್ನ ತಾಯಿ ಹೊಂಬಾಳಮ್ಮನವರನ್ನು ಕೇಳಿದೆ: “ನಾಳೆ ನಮ್ ನಾಟಿ ಅಮ್ಮಾರೇ. ಒಂಬತ್ತು ದಿನದ ಮುಯ್ಯಿ ಅದೆ, ನಿಮ್ಮನೆಯಿಂದ್ಲೂ ಒಂದಾಳು ಬರ್ಬೇಕು.” ಅವರು ನಕ್ಕರು. “ಏನ್ಲಾ ಚೌಡ, ನಾನು ಸೀರೆ ಎತ್ಕಟ್ಕೊಂಡು ನಿಮ್ಮವ್ವನ ಪಕ್ದಲ್ಲಿ ಪೈರು ನೆಡ್ಬೇಕಾ?”

“ಊಂ, ನೆಡಿ. ನೆಡೋಕೆ ಬರದೇ ಇದ್ರೆ ನಮ್ಮವ್ವ ಕಲಿಸ್ತಾಳೆ” ಅಂದೆ. ನಗು ನಿಂತಿತು.

ಮಾರನೆಯ ದಿನ ನಮ್ಮ ಗದ್ದೆಗೆ ಒಬ್ಬ ಹೆಂಗಸೂ ಬರಲಿಲ್ಲ. ಪಕ್ಕದ ಮನೆಯ ಪಟ್ಟಲಮ್ಮನನ್ನು ಕೇಳಿದೆ. “ನಿನ್ ಬಾಯ್ಗೆ ಬೀಗ ಆಕ್ಕೊಳಕೇನಾಗಿತ್ಲಾ? ದೊಡ್ಮನೆಯವ್ರು ಓಗ್ಬ್ಯಾಡಿ ಅಂದವ್ರೆ. ನಮ್ ಗದ್ದೆಗೆ ನಾಲೆ ನೀರು ಬುಡೋರು ಅವ್ರೇ ಕಣಪ್ಪ” ಅಂದಳು.

ಸಸಿ ಬೆಳೆಸಿದ ಒಟ್ಲಿನಲ್ಲಿ ಪೈರು ಬಲಿಯುತ್ತಿದೆ. ಇನ್ನೊಂದು ವಾರ ಕಳೆದರೆ ನೆಟ್ಟರೂ ಫಸಲು ಅರ್ಧ. ಅವ್ವ, ನಾನು ಇಬ್ಬರೇ ಎರಡು ದಿನ ನೆಟ್ಟೆವು. ಗಂಡಸು ನಾಟಿ ಹಾಕುವುದನ್ನು ಕಂಡು, “ಚೌಡಂಗೊಂದು ಕುಪ್ಪಸ ವಲಿಸ್ರೋ” ಎಂದು ಊರವರು ಏರಿಯ ಮೇಲಿಂದ ಕೂಗಿದರು. ಅವ್ವ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನ್ನ ಸಿಟ್ಟು ಇಷ್ಟು ಉರಿಯುತ್ತಿರಲಿಲ್ಲ.

ನಿನ್ನ ಮರುಕ ಬೇಡ, ಇನ್ನೊಂದು ಪುಸ್ತಕವೂ ಬೇಡ. ಶನಿವಾರ ರೈಲು ಹತ್ತಿ ಬಾ. ಊರೆಲ್ಲ ನೋಡುವ ಹಾಗೆ ಪಂಚೆ ಎತ್ತಿ ಕಟ್ಟಿ ನಮ್ಮ ಗದ್ದೆಗೆ ಇಳಿ. ಬರಲಾಗದಿದ್ದರೆ ಮುಂದಿನ ರಜೆಯಲ್ಲಿ ನಮ್ಮ ಬಾಗಿಲಿಗೆ ಬರಬೇಡ.

ಶನಿವಾರದವರೆಗೆ ನಿನ್ನ ಗೆಳೆಯ,
ಚೌಡಯ್ಯ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಇವತ್ತು ಬೆಳಿಗ್ಗೆ ಅವ್ವ ನಿಮ್ಮ ಮನೆಗೆ ಹೋಗಿ, ನನ್ನ ಪರವಾಗಿ ತಪ್ಪಾಯಿತೆಂದು ಕೈಮುಗಿದು ಬಂದಿದ್ದಾಳೆ. ಭಾನುವಾರ ಹೆಂಗಸರು ನಾಟಿಗೆ ಬರುತ್ತಾರೆ. ನೀನು ಈ ಕಾಗದವನ್ನು ನಿನ್ನ ತಂದೆಗೆ ತೋರಿಸಿದರೆ ಯಾರೂ ಬರುವುದಿಲ್ಲ. ಅದು ಗೊತ್ತಿದ್ದೇ, ಅವ್ವನಿಗೆ ಹೇಳದೆ, ಅಂಚೆಮನೆಯಿರುವ ಕೊತ್ತತ್ತಿಗೆ ನಡೆದುಹೋಗಿ ಅಂಚೆಗೆ ಹಾಕುತ್ತಿದ್ದೇನೆ.