ಅಡುಗೆಮನೆ ಗೋಡೆಯ ಹನ್ನೊಂದು ಸೆಂಟಿಮೀಟರ್

ಮನೆ, ಹಿಂದಿನ ಕೋಣೆ
ಬುಧವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮಗಳೇ,

ಅಲ್ಲ, ಅದರಲ್ಲಿ ಅಷ್ಟೊಂದು ನಗುವಂಥದ್ದು ಏನಿತ್ತು ಅಂತ? ನಿನ್ನೆ ನೀನು ಫೋನು ಇಟ್ಟ ಮೇಲೂ ಆ ನಗು ನನ್ನ ಕಿವಿ ಬಿಟ್ಟು ಹೋಗಲಿಲ್ಲ. ಇರಲಿ, ಮೊದಲು ಆರೋಗ್ಯ. ನಿನ್ನ ಕೆಮ್ಮು ಹೇಗಿದೆ? ತರಬೇತಿ ಆಸ್ಪತ್ರೆಯಲ್ಲಿ ದಿನವಿಡೀ ಬೇರೆಯವರ ಮಂಡಿ, ಸೊಂಟ ನೀವಿ ನೀವಿ ನಿನ್ನ ಬೆನ್ನು ಹಿಡಿದುಕೊಂಡಿಲ್ಲ ತಾನೆ? ಇನ್ನು ಮೂರು ವಾರ ಹೇಗೋ ತಳ್ಳು. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರ ನಿನ್ನೆ ಸಂಜೆಯಿಂದ ಏರಿದೆ, ಅದಕ್ಕೆ ಕಾರಣ ನಿನಗೆ ಗೊತ್ತಿದೆ. ಫೋನಿನಲ್ಲಾದರೆ ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಕಾಗದ ಬರೆದು, ಲಕೋಟೆಗೆ ಚೆನ್ನಾಗಿ ಅಂಟು ಹಾಕಿ, ನಿನ್ನ ಗಂಡನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನ ಬಗ್ಗೆಯೂ ಇದರಲ್ಲಿ ನಾಲ್ಕು ಮಾತಿದೆ.

ಆ್ಯಸ್ ಪರ್ ದಿ ಫ್ಯಾಕ್ಟ್ಸ್ ಹೇಳುತ್ತೇನೆ, ಕೇಳು. ನಿನ್ನ ಚಿಕಿತ್ಸಾಲಯಕ್ಕೆ ಪರವಾನಗಿ ಬೇಕಾದರೆ ಎರಡು ಚಿಕಿತ್ಸಾ ಕೋಣೆ ಇರಲೇಬೇಕು, ಒಂದೊಂದೂ ಕನಿಷ್ಠ ಎರಡು ಮೀಟರ್ ನಲವತ್ತು ಅಗಲ ಇರಬೇಕು, ನಕ್ಷೆಯನ್ನು ಕಂಪ್ಯೂಟರ್ ಮಾದರಿಯಾಗಿಯೇ ಕೊಡಬೇಕು, ಕೊನೆಯ ದಿನ ಶುಕ್ರವಾರ. ಮೂವತ್ತಾರು ವರ್ಷ ನಕ್ಷೆ ಎಳೆದ ಅಪ್ಪ ಮನೆಯಲ್ಲಿರುವಾಗ ಬೇರೆಯವರಿಗೇಕೆ ಅಂದವಳು ನೀನೇ. ನಾನೂ ಹುರುಪಿನಿಂದ ಆ ತಂತ್ರಾಂಶ ಕಲಿತೆ. ಗೆರೆ ಎಳೆದರೆ ಅದು ಗೆರೆಯಲ್ಲ, ಗೋಡೆಯಂತೆ! ತನ್ನಷ್ಟಕ್ಕೆ ಎದ್ದು ನಿಲ್ಲುತ್ತದೆ, ದಪ್ಪ ಕೇಳುತ್ತದೆ, ಎತ್ತರ ಕೇಳುತ್ತದೆ. ಮುಂದಿನ ಕೋಣೆ, ಅದೇ ನಿನ್ನ ಮೊದಲ ಚಿಕಿತ್ಸಾ ಕೋಣೆ, ತಕರಾರಿಲ್ಲದೆ ಮುಗಿಯಿತು. ಹಿಂದಿನ ಸಾಲು ನಿನಗೆ ಗೊತ್ತೇ ಇದೆ: ಅಡುಗೆಮನೆ, ಅದರ ಪಕ್ಕ ಸಾಮಾನು ತುಂಬಿದ ಮಧ್ಯದ ಕೋಣೆ, ಆಮೇಲೆ ನಾನೀಗ ಕೂತಿರುವ ನನ್ನ ಕೋಣೆ. ಮಧ್ಯದ್ದೇ ನಿನ್ನ ಎರಡನೆಯ ಚಿಕಿತ್ಸಾ ಕೋಣೆ ಆಗಬೇಕು. ತಂತ್ರಾಂಶ ಮಾತ್ರ ಅದನ್ನು ಕೋಣೆ ಅಂತ ಒಪ್ಪಲೇ ಇಲ್ಲ. ಒತ್ತಿದಾಗೆಲ್ಲ ಒಂದೇ ಮಾತು: ಗೋಡೆಗಳು ಸೇರಿಲ್ಲ, ಕೋಣೆ ಮುಚ್ಚಿಲ್ಲ. ಕಣ್ಣಿಗೆ ಕಾಣುವಂತೆ ಸೇರಿವೆ ಕಣೇ! ಅಡುಗೆಮನೆಯ ಗೋಡೆಯೂ ಹಿತ್ತಿಲ ಕಡೆಯ ಗೋಡೆಯೂ ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಇಲ್ಲವಂತೆ, ಸೇರಿಲ್ಲವಂತೆ.

ಮೂರು ದಿನ. ಗೋಡೆ ಅಳಿಸಿ ಮತ್ತೆ ಎಳೆದೆ. ತುದಿ ಹಿಡಿದು ಜಗ್ಗಿದೆ. ನಮ್ಮ ಕಾಲದಲ್ಲಿ ಮೂಲೆಯಲ್ಲಿ ಎರಡು ಗೆರೆಗಳನ್ನು ಕೂದಲೆಳೆಯಷ್ಟು ದಾಟಿಸಿ ಬಿಡುತ್ತಿದ್ದೆವು, ಮೂಲೆ ಬಿಗಿಯಾಗಿ ಕಾಣಲಿ ಅಂತ. ಆ ಅಭ್ಯಾಸದಲ್ಲಿ ದಾಟಿಸಿದ್ದೇನೋ ಅಂತ ಹನ್ನೊಂದು ಮೂಲೆಯನ್ನೂ ಕನ್ನಡಕ ಒರೆಸಿ ಒರೆಸಿ ನೋಡಿ ಕತ್ತರಿಸಿದೆ. ಹತ್ತು ಸರಿಹೋದವು, ಇದೊಂದು ಇಲ್ಲ. ಸಹಾಯವಾಣಿಗೆ ಫೋನು ಮಾಡಿದರೆ ಒಬ್ಬ ಹೆಣ್ಣುಮಗಳು ಜೇನು ಸುರಿದ ಹಾಗೆ “ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್” ಅಂದಳು. ನಾನು ಕಟ್ಟಡದ ಮಾತಾಡುತ್ತಿದ್ದರೆ ಅವಳು ಫ್ಯಾನಿನ ಮಾತಾಡುತ್ತಾಳೆ! “ಮೇಡಂ, ಐ ಆಮ್ ಎ ಸೀನಿಯರ್ ಡ್ರಾಫ್ಟ್ಸ್‌ಮನ್, ಡು ನಾಟ್ ಸ್ವಿಚ್ ಮಿ ಆನ್ ಅಂಡ್ ಆಫ್” ಅಂದೆ. ವ್ಯಾಕರಣ ಸ್ವಲ್ಪ ಆಚೀಚೆ ಆಗಿರಬಹುದು, ಸಿಟ್ಟು ಸರಿಯಾಗಿಯೇ ತಲುಪಿತು. ಆಮೇಲೆ ಅವಳು ಒಂದು ಕೆಲಸಕ್ಕೆ ಬರುವ ಮಾತು ಹೇಳಿದಳು, ಅದನ್ನು ಒಪ್ಪಿಕೊಳ್ಳಬೇಕು. ಪ್ರತಿ ಗೋಡೆಯ ಒಳಗೂ ಒಂದು ಆಧಾರರೇಖೆ ಇರುತ್ತದಂತೆ, ನಮ್ಮ ಬೆನ್ನುಮೂಳೆಯ ಹಾಗೆ. ಮೈಗೆ ಮೈ ತಾಗಿದರೆ ಸಾಲದು, ಆ ಎರಡು ರೇಖೆಗಳ ತುದಿ ಕೂಡಿದರೇನೇ ಗೋಡೆಗಳು ಸೇರಿದ ಲೆಕ್ಕ. ಆ ರೇಖೆಗಳನ್ನು ತೋರಿಸುವ ಗುಂಡಿ ಒತ್ತಿ ನೋಡುತ್ತೇನೆ, ಎರಡರ ನಡುವೆ ಹನ್ನೊಂದು ಸೆಂಟಿಮೀಟರ್ ಅಂತರ!

ಇನ್ನೇನು ಬೇಕು, ಕಳ್ಳ ಸಿಕ್ಕಿದ ಅಂದುಕೊಂಡೆ. ಯಾಕೆಂದರೆ ಹಿತ್ತಿಲ ಕಡೆಯ ಗೋಡೆ ಎಳೆದವನು ನಿನ್ನ ಗಂಡ. ಭಾನುವಾರ ಟೇಪು ಹಿಡಿದು ಕೋಣೆಕೋಣೆಯನ್ನೂ ಅಳೆದು ತುಂಡುತುಂಡಾಗಿ ಎಳೆದಿದ್ದ. ಅಡುಗೆಮನೆಯ ಗೋಡೆ ನನ್ನದು. ಅದನ್ನು ಅಳೆಯುವ ಅಗತ್ಯವೇನು? ಈ ಮನೆಯ ಮೂಲನಕ್ಷೆ ಎಳೆದವನೇ ನಾನು. ಕಪಾಟಿನಿಂದ ಆ ಹಾಳೆ ತೆಗೆದೆ, ಅಂಕಿ ಹಾಕಿದೆ, ಎಳೆದೆ. ಅಂದಮೇಲೆ ತಪ್ಪು ಯಾರದ್ದು? ಅವನನ್ನು ಕರೆದು ನಿಲ್ಲಿಸಿ ಬಾಯಿಗೆ ಬಂದ ಹಾಗೆ ಅಂದೆ. ಅವನ ಕನ್ನಡಕದ ಅಂಗಡಿಯಲ್ಲೂ ಹೀಗೇ ಅಳೆದರೆ ಜನ ಕಂಬಕ್ಕೆ ಹೋಗಿ ಗುದ್ದುತ್ತಾರೆ ಅಂದೆ. ಅವನು ಟೇಪಿನ ಒಂದು ತುದಿಯನ್ನು ನನ್ನ ಕೈಗೇ ಕೊಟ್ಟು, “ಮಾವ, ನೀವೇ ಓದಿ” ಅಂದ. ಮೂರು ಸಲ ಓದಿದೆ. ಗೋಡೆ ನನ್ನ ನಕ್ಷೆಯಲ್ಲಿರುವ ಜಾಗದಲ್ಲಿ ಇಲ್ಲ. ಹನ್ನೊಂದು ಸೆಂಟಿಮೀಟರ್ ಮಧ್ಯದ ಕೋಣೆಯ ಒಳಕ್ಕೆ ಬಂದು ನಿಂತಿದೆ. ಮೂವತ್ತೊಂದು ವರ್ಷದಿಂದ ಅಲ್ಲೇ ನಿಂತಿದೆ!

ಆ ಸಂಕಟದಲ್ಲಿ ನಿನಗೆ ಫೋನು ಮಾಡಿದರೆ ನೀನು ಏನಂದೆ? “ಅಯ್ಯೋ ಅಪ್ಪ, ಅದು ಅಮ್ಮ ಸರಿಸಿದ್ದು. ನಿಮಗೆ ಇನ್ನೂ ಗೊತ್ತಿರಲಿಲ್ವಾ?” ಆಮೇಲೆ ಆ ನಗು. ಗೊತ್ತಿರಲಿಲ್ಲ ಕಣಮ್ಮ! ಮನೆ ಕಟ್ಟಿಸುವಾಗ ನಾನು ಸರ್ವೆ ಕೆಲಸಕ್ಕೆಂದು ಎಂಟು ದಿನ ಹೊರಗೆ ಹೋಗಿದ್ದಾಗ, ನನ್ನ ಹೆಂಡತಿ ಮೇಸ್ತ್ರಿಯ ಮುಂದೆ ನಿಂತು, “ಯಜಮಾನ್ರು ಹೇಳಿ ಹೋಗಿದಾರೆ, ದಾರ ಇಷ್ಟು ಆಚೆ ಕಟ್ಟಬೇಕಂತೆ” ಅಂದು ಗೋಡೆ ಏಳಿಸಿದ್ದು ನನಗೆ ಗೊತ್ತಿರಲಿಲ್ಲ. ಮೇಸ್ತ್ರಿಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿದ್ದಾಗಲೇ ನಿನಗೆ ಗೊತ್ತಿತ್ತು. ಮದುವೆಯಾಗಿ ಆರು ವರ್ಷವಾದ ನಿನ್ನ ಗಂಡನಿಗೂ ಗೊತ್ತಿತ್ತು ಅಂತ ಅವನ ಮುಖ ನೋಡಿದರೇ ತಿಳಿಯಿತು. ಎಲ್ಲರೂ ಸೇರಿ ನನ್ನ ಕಿವಿಗೆ ಹೂವಿಟ್ಟಿರಿ. ಬಂದವರಿಗೆಲ್ಲ ನಾನು ಗೋಡೆ ತಟ್ಟಿ ತಟ್ಟಿ, “ಈ ಮನೆ ನಕ್ಷೆಗಿಂತ ಒಂದು ನೂಲೂ ಆಚೀಚೆ ಇಲ್ಲ” ಅನ್ನುತ್ತಿದ್ದೆನಲ್ಲ, ಆಗೆಲ್ಲ ನಿನ್ನ ಅಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಪಾಪ, ಹೊಗಳಿಕೆಗೆ ನಾಚಿಕೊಂಡಳು ಅಂತ ತಿಳಿದಿದ್ದೆ. ನಗು ತಡೆಯಲಾಗದೆ ಹೋಗುತ್ತಿದ್ದಳು ಅಂತ ಈಗ ಗೊತ್ತಾಗುತ್ತಿದೆ.

ಬಡಗಿಯ ವಿಷಯ ನೆನೆದರೆ ಮೈ ಉರಿಯುತ್ತದೆ. ಮಧ್ಯದ ಕೋಣೆಗೆ ಕಪಾಟು ಮಾಡಿಸಿದಾಗ ಅದು ಒಳಗೆ ಕೂರಲಿಲ್ಲ. ನನ್ನ ನಕ್ಷೆಯ ಪ್ರಕಾರ ಕೂರಲೇಬೇಕು. ಆ ಮನುಷ್ಯನಿಗೆ ಅಳತೆಕೋಲು ಹಿಡಿಯಲು ಬರುವುದಿಲ್ಲ ಅಂತ ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಅವನು ತಲೆ ಬಗ್ಗಿಸಿಕೊಂಡು ಕಪಾಟಿನ ಬದಿ ಕೊಯ್ದ. ನಿನ್ನ ಅಮ್ಮ ಅವನಿಗೆ ಎರಡೆರಡು ಸಲ ಚಹಾ ಕೊಟ್ಟಳು. ಆಗಲಾದರೂ ಒಂದು ಮಾತು ಹೇಳಬಾರದಿತ್ತಾ? ನಾನೇನು ಹುಲಿಯೇ, ಕರಡಿಯೇ? ಇಲ್ಲ ಬಿಡು, ನಕ್ಷೆ ಎಳೆದ ದಿನ ಇದ್ದೆನೇನೋ. ಅಡುಗೆಮನೆ ಇಕ್ಕಟ್ಟಾಗುತ್ತದೆ, ಒಲೆಯ ಮುಂದೆ ಒಬ್ಬರು ನಿಂತರೆ ಇನ್ನೊಬ್ಬರು ಹಾದುಹೋಗಲು ಆಗುವುದಿಲ್ಲ ಅಂತ ಅವಳು ಕಾಗದದ ಮೇಲೇ ಬೆರಳಿಟ್ಟು ತೋರಿಸಿದ್ದಳು. “ದಿ ಪ್ಲ್ಯಾನ್ ಈಸ್ ಫೈನಲ್” ಅಂದಿದ್ದೆ, ಇಂಗ್ಲಿಷಿನಲ್ಲಿ. ಅವಳಿಗೆ ಅರ್ಥವಾಗಲಿಲ್ಲ ಅಂತಲೂ ಅಂದುಕೊಂಡಿದ್ದೆ.

ಸರಿ, ಆದದ್ದಾಯಿತು. ಈಗಿನ ಪಾಡು ನೋಡು. ಗೋಡೆ ಇರುವ ಕಡೆಯೇ ತೋರಿಸಿದರೆ ಮೂಲೆ ಸೇರುತ್ತದೆ, ಕೋಣೆ ಮುಚ್ಚುತ್ತದೆ, ಆದರೆ ಅಗಲ ಎರಡು ಮೀಟರ್ ಮೂವತ್ತನಾಲ್ಕಕ್ಕೆ ಇಳಿಯುತ್ತದೆ. ಆರು ಸೆಂಟಿಮೀಟರ್ ಕಡಿಮೆ. ಎರಡನೆಯ ಕೋಣೆ ಇಲ್ಲ, ಪರವಾನಗಿ ಇಲ್ಲ, ನಿನ್ನ ಎರಡು ವರ್ಷದ ಓಡಾಟ ನೀರಿನಲ್ಲಿ ಹೋಮ. ಇದಕ್ಕೆ ನಿನ್ನ ಗಂಡ ಏನು ಹೇಳುತ್ತಾನೆ ಗೊತ್ತಾ? “ಮಾವ, ಆ ಎರಡು ತುದಿ ಎಳೆದು ಹಳೇ ನಕ್ಷೆ ಜಾಗದಲ್ಲೇ ಸೇರಿಸಿಬಿಡಿ. ಕಂಪ್ಯೂಟರ್ ಒಪ್ಪುತ್ತೆ. ಯಾರು ಬಂದು ಅಳೀತಾರೆ?” ಯಾರು ಅಳೆಯುತ್ತಾರೆ! ಗಾಲಿಕುರ್ಚಿಯಲ್ಲಿ ಕೂತು ಬಂದವನು ಮಂಚದ ಪಕ್ಕ ತಿರುಗುವಾಗ ಅಳೆಯುತ್ತಾನೆ, ಮೊಣಕೈಯಲ್ಲಿ. ಅವನ ಕೈ ಗೀರುವುದು ಗೋಡೆಗೆ, ನನ್ನ ನಕ್ಷೆಗಲ್ಲ. ಇಲ್ಲದ ಜಾಗದಲ್ಲಿ ಗೋಡೆ ಇದೆ ಅಂತ ಗೊತ್ತಿದ್ದೂ ಗೆರೆ ಎಳೆದವನಲ್ಲ ನಾನು. ಗೊತ್ತಿಲ್ಲದೆ ಎಳೆದದ್ದು ಬೇರೆ, ಅದರ ಪಾಪ ನಿಮ್ಮೆಲ್ಲರದ್ದು.

ನೀನಾದರೋ ಅವನಿಗಿಂತ ಒಂದು ಕೈ ಮೇಲು. “ಆ ಗೋಡೆ ಒಡೆಸಿ ಹಿಂದಕ್ಕೆ ಕಟ್ಟಿಸಿಬಿಡಿ ಅಪ್ಪ, ಅರ್ಧ ಇಟ್ಟಿಗೆ ಗೋಡೆ ತಾನೆ” ಅಂದೆ, ಉಗುರು ಕತ್ತರಿಸಿ ಅನ್ನುವಷ್ಟು ಸಲೀಸಾಗಿ. ಐ ಸ್ಟ್ರಾಂಗ್ಲಿ ಪ್ರೊಟೆಸ್ಟ್. ನಿನ್ನೆಯಾಗಿದ್ದರೆ ಸುತ್ತಿಗೆ ನಾನೇ ಎತ್ತುತ್ತಿದ್ದೆ, ನನ್ನ ನಕ್ಷೆಯೇ ಗೆಲ್ಲುತ್ತಿತ್ತಲ್ಲ. ಇವತ್ತು ಬೆಳಿಗ್ಗೆ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತೆ. ನಿನ್ನ ಗಂಡ ನೀರಿನ ಪಾತ್ರೆ ಹಿಡಿದು ನನ್ನ ಬೆನ್ನ ಹಿಂದೆ ಹಾದು ಹೋದ. ತಾಗಲಿಲ್ಲ. ಕೈಯಳತೆಯಲ್ಲಿ ನೋಡಿದೆ. ಅವಳು ಕೇಳಿದ ಜಾಗ ಸರಿಯಾಗಿಯೇ ಇತ್ತು, ನಾನು ಕೊಟ್ಟದ್ದು ಕಡಿಮೆಯಾಗಿತ್ತು. ಈ ಮನೆಯಲ್ಲಿ ಇಷ್ಟು ವರ್ಷ ಯಾರೂ ಯಾರಿಗೂ ಡಿಕ್ಕಿ ಹೊಡೆಯದೆ ಅಡುಗೆ ಮಾಡಿದ್ದು ಅವಳ ಅಳತೆಯಿಂದ. ಸಿಟ್ಟು ಹೋಯಿತು ಅಂತ ಮಾತ್ರ ತಿಳಿಯಬೇಡ. ಸಿಟ್ಟು ಇದೆ, ಜಗಳ ಆಡಲು ಅವಳು ಇಲ್ಲ, ಅಷ್ಟೇ. ಇದ್ದಿದ್ದರೆ ಮೇಜಿನ ಮೇಲೆ ಎರಡು ಹಾಳೆ ಹಾಸಿ, ಇದು ನನ್ನದು ಇದು ನಿನ್ನದು ಅಂತ ಒಂದೊಂದಾಗಿ

ಬೆಳಕು ಇಳಿಯಿತು ಕಣೇ, ಬರೆದ ಸಾಲು ನನಗೇ ಕಾಣುತ್ತಿಲ್ಲ. ನಿನ್ನ ಗಂಡ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತಂತೆ.

ಬೆನ್ನು ನೆಟ್ಟಗೆ ಇಟ್ಟುಕೋ, ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ಕೈಗುಣ ನೂರು ಜನರ ನೋವು ಇಳಿಸಲಿ. ಜೊತೆಯವರಿಗೆಲ್ಲ ನನ್ನ ನೆನಪು ಹೇಳು.

ಇಂತಿ, ನಿನ್ನ ಮೇಲೆ ಇನ್ನೂ ಸಿಟ್ಟಿನಲ್ಲಿರುವ
ನಿನ್ನ ಅಪ್ಪ

ಮರೆತಿದ್ದೆ: ಚೀಲದಲ್ಲಿರುವ ಕಾಗದಗಳಿಗೆ ನೀಲಿ ಮಸಿಯಲ್ಲಿ ಸಹಿ ಹಾಕಿ ನಾಳೆಯೇ ವಾಪಸ್ ಕಳಿಸು. ಅಡುಗೆಮನೆಯ ಗೋಡೆಯನ್ನು ಇರುವಲ್ಲೇ ತೋರಿಸಿದ್ದೇನೆ. ಮಧ್ಯದ ಕೋಣೆಗೂ ನನ್ನ ಕೋಣೆಗೂ ನಡುವಿನ ಹಲಗೆಯ ಅಡ್ಡಗೋಡೆ ಹೇಗೂ ತೆಗೆಯುವುದಿತ್ತು, ಹೊಸ ಗೋಡೆಯನ್ನು ಎಂಟು ಸೆಂಟಿಮೀಟರ್ ನನ್ನ ಕಡೆಗೆ ಸರಿಸಿದೆ. ನಿನ್ನ ಕೋಣೆ ಈಗ ಎರಡು ಮೀಟರ್ ನಲವತ್ತೆರಡು, ಎಲ್ಲ ಮೂಲೆಗಳೂ ಸೇರಿವೆ, ಕಂಪ್ಯೂಟರ್ ಚಕಾರ ಎತ್ತಲಿಲ್ಲ. ನಕ್ಷೆಯ ಮೇಜು ಇನ್ನು ಇಲ್ಲಿ ಹಿಡಿಸುವುದಿಲ್ಲ, ನಾನೂ ನಿನ್ನ ಗಂಡನೂ ಬೆಳಿಗ್ಗೆಯೇ ಅದನ್ನು ಹಜಾರಕ್ಕೆ ಸಾಗಿಸಿದೆವು, ಅದಕ್ಕಾಗಿ ಫೋನು ಮಾಡಿ ಅಳಬೇಡ. ಮೂರನೆಯ ಪುಟವನ್ನು ಮಾತ್ರ ಓದಿಯೇ ಸಹಿ ಹಾಕು. ಕಟ್ಟಡವು ಹಿಂದೆ ಮಂಜೂರಾದ ನಕ್ಷೆಗಿಂತ ಬೇರೆಯಾಗಿದ್ದರೆ ಕಾರಣ ಬರೆಯಿರಿ ಅಂತ ಒಂದು ಕಲಂ ಇದೆ. ಅಲ್ಲಿ ನಾನೇ ಬರೆದು ಸಹಿ ಹಾಕಿದ್ದೇನೆ: ಅಡುಗೆಮನೆ ಚಿಕ್ಕದಾಗಿದ್ದುದರಿಂದ ಮನೆಯೊಡತಿ ಗೋಡೆ ಸರಿಸಿದ್ದಾರೆ, ನಕ್ಷೆಗಾರನ ಒಪ್ಪಿಗೆ ಇದೆ.