ಮೊದಲ ತಟ್ಟೆ

ಡಿಪೋ ಕ್ಯಾಂಟೀನು,
ಶನಿವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಬಾಣಂತಿ ಮಗಳು ಹೊಟ್ಟೆ ತುಂಬ ಉಣ್ಣುತ್ತಿದ್ದಾಳೋ, ಇಲ್ಲ ಮೊದಲಿನ ಹಾಗೆ ತಟ್ಟೆಯಲ್ಲಿ ಕೆದಕುತ್ತಾ ಕೂರುತ್ತಾಳೋ? ಮೊಮ್ಮಗ ಕಣ್ಣು ಮುಚ್ಚಲು ಬಿಡುತ್ತಿಲ್ಲ ಎಂದು ನೀನು ಬರೆದಿದ್ದೆ. ಬಿಡದಿರಲಿ. ಮೂವತ್ತು ವರ್ಷ ಈ ಡಿಪೋದ ಡ್ರೈವರು, ಕಂಡಕ್ಟರುಗಳನ್ನೆಲ್ಲ ಗದರಿಸಿ ಊಟ ಹಾಕಿದವಳಿಗೆ ಗೇಣುದ್ದದ ಕೂಸು ಯಾವ ಲೆಕ್ಕ!

ನನ್ನ ಸುದ್ದಿ ಕೇಳಬೇಡ. ಥೂ, ಬರೆಯುವುದಕ್ಕೇ ಅಸಹ್ಯ. ಹೋದ ತಿಂಗಳು ಜ್ವರ ಬಂದಿತ್ತು ಎಂದು ಬರೆದಿದ್ದೆನಲ್ಲ, ಜ್ವರ ಹೋಯಿತು, ಮೂಗು ಕೆಟ್ಟಿತು. ವಾಸನೆಯೇ ಹೋಗಿದ್ದರೆ ಹೇಗೋ ಸಹಿಸಬಹುದಿತ್ತು. ಹೋಗಿಲ್ಲ, ಎಲ್ಲವೂ ಕೊಳೆತು ನಾರುತ್ತದೆ. ಕಾಫಿ ಲೋಟ ಬಾಯಿಗೆ ತಂದರೆ ಚರಂಡಿ. ಈರುಳ್ಳಿ ಹುರಿದರೆ ಟಯರು ಸುಟ್ಟ ಹಾಗೆ. ನಮ್ಮ ಮನೆಯವರು ಸೋಪು ಹಚ್ಚಿ ಸ್ನಾನ ಮಾಡಿ ಬಂದು ಪಕ್ಕದಲ್ಲಿ ಕೂತರೆ ಎದ್ದು ಹೋಗಬೇಕೆನಿಸುತ್ತದೆ. ಪಾಪ, ಮನುಷ್ಯ ಈಗ ದಿನಕ್ಕೆ ಎರಡು ಸಲ ಮೀಯುತ್ತಿದ್ದಾರೆ! ಡಾಕ್ಟರು "ತಾನಾಗೇ ಸರಿಹೋಗುತ್ತೆ, ಆರು ತಿಂಗಳೂ ಆಗಬಹುದು" ಅಂದರು. ಅಲ್ಲಿಯವರೆಗೆ ಅಡುಗೆಯವಳು ಏನು ಮಾಡಬೇಕು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಮ್ಯಾನೇಜರು ಮಾರನೆಯ ದಿನವೇ ಬೇರೆಯವರನ್ನು ತಂದು ಒಲೆ ಮುಂದೆ ನಿಲ್ಲಿಸುತ್ತಾರೆ, ನೀನು ನನ್ನ ಕೈಗಿಟ್ಟು ಹೋದ ಅಡುಗೆಮನೆ ಕೈಬಿಟ್ಟು ಹೋಗುತ್ತದೆ.

ಎಲ್ಲಕ್ಕಿಂತ ಹೇಸಿಗೆ ಗುರುವಾರದ್ದು, ನಿನ್ನ ಬಾಣಲೆ ಅಡುಗೆಯ ದಿನ. ಕೈ ಅಳತೆ ಒಂದೂ ತಪ್ಪಿಸಿಲ್ಲ. ದೊಡ್ಡ ಬಾಣಲೆಯಲ್ಲಿ ಈರುಳ್ಳಿ ಕೆಂಪಗೆ, ಕೋಳಿ ತುಂಡು ಬೆಳ್ಳಗಾಗಿ ಅಂಚು ಕೆಂಪಾಗುವವರೆಗೆ, ಆಮೇಲೆ ಕ್ಯಾರೆಟ್ಟು, ಬೀನ್ಸು, ಬಟಾಣಿ, ಗೋಧಿ ನುಚ್ಚು, ಅದರ ಎರಡರಷ್ಟು ಬಿಸಿನೀರು, ಮುಚ್ಚಳ, ಸಣ್ಣ ಉರಿ, ನಡುವೆ ಸೌಟು ಹಾಕಕೂಡದು. ಕಣ್ಣಿಗೆ ಚಂದವೇ ಕಾಣುತ್ತದೆ. ಮುಚ್ಚಳ ತೆಗೆದು ಆವಿ ಮುಖಕ್ಕೆ ಹೊಡೆದರೆ ಮಾತ್ರ ಸತ್ತ ಇಲಿ ಬೇಯಿಸಿದ ಹಾಗೆ. ಅದರ ಮೇಲೆ ನೀನು ಹಾಕಿಟ್ಟ ಪದ್ಧತಿ ಬೇರೆ! ಅಡುಗೆಯವಳು ಎಲ್ಲರ ಎದುರು ನಿಂತು ಮೊದಲ ತಟ್ಟೆ ತಿಂದು ಮುಗಿಸಬೇಕು, ಆಮೇಲೆಯೇ ಸಾಲು ಮುಂದೆ ಬರಬೇಕು. ನಿನಗೇನು ಮಹರಾಯ್ತಿ, ಚಪ್ಪರಿಸಿ ತಿನ್ನುತ್ತಿದ್ದೆ. ನಾನು ಮೂರು ಗುರುವಾರ ಉಸಿರು ಬಿಗಿಹಿಡಿದು ನುಂಗಿ, ಹಲ್ಲು ಕಿರಿದು, ಖಾಲಿ ತಟ್ಟೆ ಎತ್ತಿ ತೋರಿಸಿ, ಹಿಂದಿನ ಮೋರಿಗೆ ಓಡಿ ಕಕ್ಕಿದ್ದೇನೆ. ಒಬ್ಬ ಮೆಕ್ಯಾನಿಕ್ಕು "ಚಿಕ್ಕಕ್ಕ ದೊಡ್ಡಕ್ಕನ್ನೂ ಮೀರಿಸಿಬಿಟ್ರು" ಅಂದಾಗ ಅವನ ತಲೆಗೆ ಸೌಟಿನಿಂದ ಕುಟ್ಟಬೇಕೆನಿಸಿತು.

ಮೊನ್ನೆ ಗುರುವಾರ ಕೋಳಿ ತೊಳೆಯುವಾಗ ಕೈಗೆ ಲೋಳೆಲೋಳೆ ಹತ್ತಿತು. ವಾಸನೆಯೂ ಬಂತು. ಆದರೆ ನನಗೆ ಯಾವುದು ವಾಸನೆ ಬರುವುದಿಲ್ಲ ಹೇಳು? ಎಲ್ಲ ಈ ಹಾಳು ಮೂಗಿನ ಕಾಟ ಎಂದುಕೊಂಡು ಇನ್ನೆರಡು ಸಲ ತೊಳೆದು, ಶುಂಠಿ, ಮೆಣಸು ಜಾಸ್ತಿ ಹಾಕಿ ಬೇಯಿಸಿದೆ. ಮೊದಲ ತಟ್ಟೆ ತಿಂದೆ, ನಕ್ಕೆ. ಸಾಲು ಮುಂದೆ ಬಂತು. ಒಬ್ಬ ಡ್ರೈವರು "ಏನೋ ಒಂಥರಾ ಇದೆಯಲ್ಲಕ್ಕಾ" ಅಂದ. "ಬೀಡಿ ಸೇದಿ ಸೇದಿ ಸುಟ್ಟ ನಾಲಿಗೆಗೆ ಏನು ಗೊತ್ತಾಗುತ್ತೆ, ಸುಮ್ನೆ ತಿನ್ನು" ಎಂದು ಗದರಿ ಕೂರಿಸಿದೆ. ಸಂಜೆಯ ಹೊತ್ತಿಗೆ ಒಂಬತ್ತು ಜನಕ್ಕೆ ವಾಂತಿ, ಭೇದಿ. ಎಂದಿನಂತೆ ಮೋರಿಯಲ್ಲಿ ಕಕ್ಕಿ ಬಂದಿದ್ದ ನಾನೊಬ್ಬಳು ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದೆ.

ಎಂಟು ಜನ ನಿನ್ನೆ ಎದ್ದು ಕೂತರು. ಗೇಟು ಕಾಯುವ ತಾತ ಮಾತ್ರ ಇನ್ನೂ ಆಸ್ಪತ್ರೆಯಲ್ಲಿದ್ದಾರೆ, ಡ್ರಿಪ್ ಹಾಕಿದ್ದಾರೆ. ಇವತ್ತು ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದೆ. "ವಾಸ್ನೆ ಬಂತಮ್ಮಾ. ಆದ್ರೆ ನೀನು ತಿಂದ್ಯಲ್ಲ, ಅದಕ್ಕೇ ನಾನೂ ತಿಂದೆ" ಅಂದರು. ಬೈಯುವ ದನಿಯಲ್ಲಲ್ಲ ಅಕ್ಕಾ, ಬೈದಿದ್ದರೆ ಚೆನ್ನಾಗಿತ್ತು. ಇಷ್ಟು ದಿನ ಕಾಫಿ, ಈರುಳ್ಳಿ, ಗಂಡ ಎಲ್ಲವನ್ನೂ ಕಂಡು ಹೇಸಿಕೊಂಡವಳಿಗೆ ಆ ಮಂಚದ ಪಕ್ಕ ನಿಂತಾಗ ನನ್ನ ಮೇಲೆಯೇ ಹೇಸಿಗೆಯಾಯಿತು.

ಇಲ್ಲಿ ಎಲ್ಲರೂ ಕೋಳಿ ಅಂಗಡಿಯವನಿಗೆ ಹಿಡಿಶಾಪ ಹಾಕುತ್ತಿದ್ದಾರೆ. ಇನ್ನು ಈ ಗೇಟಿನೊಳಗೆ ಕಾಲಿಡಬೇಡ ಎಂದು ಮ್ಯಾನೇಜರು ಓಡಿಸಿದ್ದಾರೆ. ಕಂಡಕ್ಟರುಗಳು ಹೋಗಿ ಅವನ ಅಂಗಡಿ ಬಾಗಿಲಿಗೆ ಕೊಳೆತ ಮೊಟ್ಟೆ ಎಸೆದು ಬಂದಿದ್ದಾರೆ. ನನಗೆ ಮಾತ್ರ "ಪಾಪ, ನೀವೂ ತಿಂದ್ರಲ್ಲಾ" ಎಂದು ನಿಂಬೆ ಶರಬತ್ತು ಮಾಡಿಕೊಟ್ಟರು. ಕುಡಿದೆ.

ಬಾಣಂತಿ ಬೆಚ್ಚಗಿರಲಿ. ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು. ನಿನ್ನ ಕಾಲಿಗೆ ನಮಸ್ಕಾರ. ಆಶೀರ್ವಾದ ಕೇಳಲು ಈಗ ನನಗೆ ಮುಖವಿಲ್ಲ.

ನಿನ್ನ ತಂಗಿ,
ಪುಟ್ಟಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಗುರುವಾರ ಬೆಳಿಗ್ಗೆ ಕೋಳಿಯವನು ಬುಟ್ಟಿ ಇಳಿಸುವ ಮೊದಲೇ, "ಕರೆಂಟ್ ಹೋಗಿ ಫ್ರಿಜ್ ನಿಂತಿತ್ತಕ್ಕಾ, ನನಗೇ ಅನುಮಾನ. ಒಂದ್ಸಲ ಮೂಸಿ ನೋಡಿ, ಬೇಡ ಅಂದ್ರೆ ವಾಪಸ್ ತಗೊಂಡ್ಹೋಗ್ತೀನಿ" ಅಂದಿದ್ದ. ನಾನು ಅವನೆದುರೇ ಒಂದು ತುಂಡು ಎತ್ತಿ ಮೂಸಿ, "ಚೆನ್ನಾಗೇ ಇದೆ, ಇಳಿಸು" ಅಂದೆ. ನಿನ್ನೆ ಅವನು ಇದನ್ನೇ ಮ್ಯಾನೇಜರಿಗೆ ಹೇಳಿದ. ಅವರು ನನ್ನ ಮುಖ ನೋಡಿದರು. ನಾನು ತುಟಿ ಬಿಚ್ಚಲಿಲ್ಲ. ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ನೇರ ಅವರ ಕೋಣೆಗೆ ಹೋಗುತ್ತಿದ್ದೇನೆ. ನಿನಗೆ ತಿಳಿಸಿಬಿಟ್ಟರೆ ಬಾಗಿಲವರೆಗೆ ಹೋಗಿ ಹಿಂದಿರುಗಲು ನನಗೆ ಆಗುವುದಿಲ್ಲ, ಅದಕ್ಕೇ ಮೊದಲು ನಿನಗೆ ಬರೆದೆ.